ಓಟಿನ ಮೆಷಿನ್ ಹಿಂದಿದ್ದ ಕಥೆಗಾರ: ಬಿಇಎಲ್ ಎಂಜಿನಿಯರ್ ಸುಜಾತಾ ರಂಗರಾಜನ್

ಬೆಂಗಳೂರು: ಶಿವಾಜಿನಗರ, ಹಲಸೂರು ಕಡೆ ತಮಿಳು ಓದೋ ಮನೆಗಳಲ್ಲಿ ಸುಜಾತಾ ಅನ್ನೋ ಹೆಸರು ಹೇಳಿದ್ರೆ ಸಾಕು, ಹಿರಿಯರ ಮುಖ ಅರಳುತ್ತೆ. ವಾರಪತ್ರಿಕೆ ಬರೋ ದಿನ ಕಾದು ಕೂತು, ಮೊದಲು ಅವರ ಧಾರಾವಾಹಿಯ ಪುಟ ತೆಗೆದು ಓದಿದ ತಲೆಮಾರು ಅದು. ಅದೇ ಜನ ಚುನಾವಣೆ ಬಂದಾಗ ಬೂತ್‌ಗೆ ಹೋಗಿ ನೀಲಿ ಬಟನ್ ಒತ್ತಿ, ಬೀಪ್ ಸದ್ದು ಕೇಳಿಸ್ಕೊಂಡು ಮನೆಗೆ ಬರ್ತಾರೆ. ಆ ಯಂತ್ರದ ಹಿಂದೆ ಇದ್ದವರೂ ಅದೇ ಸುಜಾತಾ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮೆಷಿನ್ ಇರಬೇಕಾ, ಪೇಪರ್ ಬರಬೇಕಾ ಅನ್ನೋ ಚರ್ಚೆ ಪಾಲಿಕೆ ಚುನಾವಣೆ ನೆಪದಲ್ಲಿ ನಮ್ಮ ಕಡೆಯ ಟೀ ಅಂಗಡಿಗಳಿಗೂ ಬಂದಿದೆ. ಹಾಗಾಗಿ ಈ ಎಂಜಿನಿಯರ್ ಕಥೆ ಒಮ್ಮೆ ತಿಳ್ಕೊಳ್ಳೋದು ಒಳ್ಳೇದು.

ಅಜ್ಜಿ ಮನೆಯ ಹುಡುಗ

ಸುಜಾತಾ ಅವರ ನಿಜವಾದ ಹೆಸರು ಎಸ್. ರಂಗರಾಜನ್. ಹುಟ್ಟಿದ್ದು 1935ರ ಮೇ 3ರಂದು, ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ. ತಂದೆಗೆ ಊರಿಂದೂರಿಗೆ ವರ್ಗ ಆಗ್ತಾ ಇದ್ದಿದ್ದರಿಂದ ಹುಡುಗ ಬೆಳೆದಿದ್ದು ಶ್ರೀರಂಗಂನಲ್ಲಿ, ಅಜ್ಜಿ ಮನೆಯಲ್ಲಿ. ಮುಂದೆ ಅದೇ ಶ್ರೀರಂಗದ ಬೀದಿಗಳನ್ನ ಅವರು ಕಥೆಗಳಲ್ಲಿ ತಂದು ನಿಲ್ಲಿಸಿದ್ರು.

ತಿರುಚ್ಚಿಯ ಸೇಂಟ್ ಜೋಸೆಫ್ ಕಾಲೇಜಲ್ಲಿ ಭೌತಶಾಸ್ತ್ರ ಓದಿದ್ರು. ಆಮೇಲೆ ಮದರಾಸಿನ ಎಂಐಟಿಯಲ್ಲಿ ಎಲೆಕ್ಟ್ರಾನಿಕ್ಸ್ ಮಾಡಿದ್ರು. ಜೊತೆಗೆ ಓದ್ತಿದ್ದವರಲ್ಲಿ ಒಬ್ಬರು ರಾಮೇಶ್ವರದ ಎ.ಪಿ.ಜೆ. ಅಬ್ದುಲ್ ಕಲಾಂ. ಒಬ್ಬರು ಕ್ಷಿಪಣಿ ಕಡೆ ಹೋದ್ರು, ಇನ್ನೊಬ್ಬರು ಕೇಂದ್ರ ಸರ್ಕಾರದ ವಿಮಾನಯಾನ ಇಲಾಖೆ ಸೇರಿ, ನಂತರ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ಗೆ ಬಂದ್ರು. ಜಾಲಹಳ್ಳಿಯ ಬಿಇಎಲ್ ಅಂದ್ರೆ ಆಗ ಮರ್ಯಾದೆಯ ನೌಕರಿ. 1954ರಲ್ಲಿ ಸೈನ್ಯಕ್ಕೆ ಬೇಕಾದ ಎಲೆಕ್ಟ್ರಾನಿಕ್ ಸಾಮಾನು ಮಾಡೋಕೆ ಶುರುವಾದ ಕಾರ್ಖಾನೆ ಅದು.

ಹೆಂಡತಿ ಹೆಸರಲ್ಲಿ ಬರೆದ ಗಂಡ

ಹಗಲು ಬಿಇಎಲ್ ಕೆಲಸ, ಬಿಡುವಲ್ಲಿ ಬರವಣಿಗೆ. ಆದ್ರೆ ಒಂದು ತೊಡಕು. ಕುಮುದಂ ಪತ್ರಿಕೆಯಲ್ಲಿ ಆಗಲೇ ರಾ. ಕಿ. ರಂಗರಾಜನ್ ಅನ್ನೋ ಹೆಸರಾಂತ ಲೇಖಕರು ಇದ್ರು. ಇಬ್ಬರು ರಂಗರಾಜನ್ ಆದ್ರೆ ಓದುಗರಿಗೆ ಗೊಂದಲ. ಅದಕ್ಕೆ ಇವರು ಹೆಂಡತಿಯ ಹೆಸರನ್ನೇ ಇಟ್ಕೊಂಡ್ರು. ಹೀಗೆ ರಂಗರಾಜನ್ ಸುಜಾತಾ ಆದ್ರು.

1968ರಲ್ಲಿ ನೈಲಾನ್ ಕಯಿರು ಧಾರಾವಾಹಿ ಬಂತು. ಗಣೇಶ್, ವಸಂತ್ ಅನ್ನೋ ವಕೀಲರ ಜೋಡಿ ತಮಿಳು ಓದುಗರ ಮನೆಮಾತಾಯ್ತು. ನೂರಕ್ಕೂ ಹೆಚ್ಚು ಕಾದಂಬರಿ, ಇನ್ನೂರೈವತ್ತರಷ್ಟು ಸಣ್ಣ ಕಥೆ, ನಾಟಕ, ವಿಜ್ಞಾನದ ಪುಸ್ತಕ ಅಂತ ಬರೀತಾನೇ ಹೋದ್ರು. ಕಂಪ್ಯೂಟರ್ ಅಂದ್ರೆ ಏನು ಅಂತ ತಮಿಳಲ್ಲಿ ಸಾಮಾನ್ಯ ಜನಕ್ಕೆ ತಿಳಿಯೋ ಹಾಗೆ ಬರೆದ ಮೊದಲಿಗರಲ್ಲಿ ಅವರೂ ಒಬ್ಬರು.

ಸಿನಿಮಾದವರೂ ಬಿಡಲಿಲ್ಲ. ಅವರ ಪ್ರಿಯಾ ಕಾದಂಬರಿ ರಜನಿಕಾಂತ್ ಸಿನಿಮಾ ಆಯ್ತು. ಅಂಬರೀಶ್ ಕೂಡ ಇದ್ದ ಆ ಚಿತ್ರ ಕನ್ನಡದಲ್ಲೂ ಬಂತು. ಮುಂದೆ ರೋಜಾ, ಇಂಡಿಯನ್, ಮುದಲ್ವನ್ ಚಿತ್ರಗಳಿಗೆ ಸಂಭಾಷಣೆ ಬರೆದ್ರು. ಒಬ್ಬ ಟಿವಿ ವರದಿಗಾರ ಒಂದು ದಿನದ ಮಟ್ಟಿಗೆ ಮುಖ್ಯಮಂತ್ರಿ ಆಗೋ ಕಥೆಯೇ ಮುದಲ್ವನ್.

ಯಂತ್ರಗಳನ್ನ ಮಾಡೋ ಮನುಷ್ಯ ಯಂತ್ರಗಳನ್ನ ಕುರುಡಾಗಿ ನಂಬಿರಲಿಲ್ಲ ಅನ್ನೋಕೆ ಎನ್ ಇನಿಯ ಇಯಂದಿರಾ ಕಾದಂಬರಿ ನೋಡಿದ್ರೆ ಸಾಕು. 80ರ ದಶಕದಲ್ಲಿ ಬರೆದ ಆ ಕಥೆ ನಡೆಯೋದು 2021ರ ಭಾರತದಲ್ಲಿ. ನಾಡನ್ನ ಆಳೋದು ಒಬ್ಬ ಸರ್ವಾಧಿಕಾರಿ, ಜನರ ಬದುಕೆಲ್ಲ ಯಂತ್ರದ ಲೆಕ್ಕದಲ್ಲಿ. ಅವನ ವಿರುದ್ಧ ಒಬ್ಬ ಹೆಣ್ಣುಮಗಳಿಗೆ ಜೊತೆಯಾಗೋದು ಜೀನೋ ಅನ್ನೋ ರೋಬೋ ನಾಯಿ.

ಜಾಲಹಳ್ಳಿಯಲ್ಲಿ ಮತಯಂತ್ರ

ಆ ಕಾಲದ ಚುನಾವಣೆ ನೆನಪಿದ್ದವರಿಗೆ ಗೊತ್ತು. ಬ್ಯಾಲೆಟ್ ಪೇಪರ್‌ಗೆ ಸೀಲು ಒತ್ತಿ, ಮಡಚಿ ಪೆಟ್ಟಿಗೆಗೆ ಹಾಕಬೇಕು. ಸೀಲು ಎರಡು ಗುರುತಿನ ಮಧ್ಯೆ ಬಿದ್ರೆ ಓಟು ತಿರಸ್ಕೃತ. ಮಡಚಿದಾಗ ಶಾಯಿ ಇನ್ನೊಂದು ಕಡೆ ಅಂಟಿದ್ರೆ ಎಣಿಕೆ ಟೇಬಲ್ ಮೇಲೆ ಜಗಳ. ಕೆಲವು ರಾಜ್ಯಗಳಲ್ಲಿ ರೌಡಿಗಳು ಬೂತ್‌ಗೆ ನುಗ್ಗಿ, ಕಟ್ಟುಗಟ್ಟಲೆ ಪೇಪರ್‌ಗೆ ಸೀಲು ಗುದ್ದಿ ಪೆಟ್ಟಿಗೆ ತುಂಬಿಸಿ ಹೋಗ್ತಿದ್ರು.

1977ರಲ್ಲಿ ಚುನಾವಣಾ ಆಯೋಗಕ್ಕೆ ಯಂತ್ರದ ಯೋಚನೆ ಬಂತು. ಹೈದರಾಬಾದಿನ ಇಸಿಐಎಲ್ 1979ರಲ್ಲಿ ಒಂದು ಮಾದರಿ ಮಾಡಿತು. ಇತ್ತ ಬಿಇಎಲ್‌ನವರು ಕಾರ್ಮಿಕ ಸಂಘದ ಚುನಾವಣೆಗೆ ಅಂತ ಒಂದು ಮತಯಂತ್ರ ಮಾಡಿದ್ರು. 1981ರಲ್ಲಿ ಅವರೂ ಆಯೋಗದ ಮುಂದೆ ಹೋದ್ರು. ಬಿಇಎಲ್ ಯಂತ್ರದ ವಿನ್ಯಾಸ, ತಯಾರಿಕೆಯ ಮುಂಚೂಣಿಯಲ್ಲಿ ಇದ್ದವರು ರಂಗರಾಜನ್. ಮುಂದೆ ಇದಕ್ಕಾಗಿಯೇ ಅವರಿಗೆ ವಾಸ್ವಿಕ್ ಪ್ರಶಸ್ತಿ ಬಂತು.

ಯಂತ್ರ ನೋಡೋಕೆ ಬಹಳ ಸಾದಾ. ಅದೇ ಅದರ ಜಾಣತನ. ಒಂದು ಭಾಗ ಮತಗಟ್ಟೆ ಅಧಿಕಾರಿ ಹತ್ತಿರ, ಇನ್ನೊಂದು ಮರೆಯೊಳಗೆ ಮತದಾರನ ಮುಂದೆ. ನಡುವೆ ಐದು ಮೀಟರ್ ಕೇಬಲ್. ಅಧಿಕಾರಿ ಬ್ಯಾಲೆಟ್ ಬಟನ್ ಒತ್ತಿದ ಮೇಲೇ ಒಂದು ಓಟು ಬೀಳುತ್ತೆ. ನೀಲಿ ಬಟನ್ ಮತ್ತೆ ಮತ್ತೆ ಒತ್ತಿದ್ರೂ ಲೆಕ್ಕಕ್ಕೆ ಬರೋದು ಒಂದೇ. ಆಗಿನ ಯಂತ್ರ ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಓಟು ತಗೊಳ್ತಿರಲಿಲ್ಲ. ಅಂದ್ರೆ ಬೂತ್‌ಗೆ ನುಗ್ಗಿದವನು 500 ಕಳ್ಳ ಓಟು ಹಾಕೋಕೆ ನೂರು ನಿಮಿಷ ಅಲ್ಲೇ ನಿಲ್ಲಬೇಕಿತ್ತು. ಅಷ್ಟರಲ್ಲಿ ಪೊಲೀಸ್ರು ಬರ್ತಾರೆ, ಇಲ್ಲಾ ಅಧಿಕಾರಿ ಕ್ಲೋಸ್ ಬಟನ್ ಒತ್ತಿ ಯಂತ್ರವನ್ನೇ ಮುಚ್ಚಬಹುದು. ಬ್ಯಾಟರಿಯಲ್ಲಿ ನಡೆಯೋದ್ರಿಂದ ಕರೆಂಟ್ ಇಲ್ಲದ ಹಳ್ಳಿಗೂ ಒಯ್ಯಬಹುದು. ಹೆಸರಿನ ಪಕ್ಕ ಚಿಹ್ನೆ ಇರೋದ್ರಿಂದ ಓದು ಬರಹ ಬಾರದವರಿಗೂ ಕಷ್ಟ ಇಲ್ಲ.

ಪರವೂರಿನ ಪಾಠ

ಮೊದಲ ಪರೀಕ್ಷೆ ನಡೆದಿದ್ದು 1982ರ ಮೇ 19ರಂದು, ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಅಲ್ಲಿ ನಡೆದಿದ್ದು ಸುಜಾತಾ ಕಾದಂಬರಿಗೂ ಕಮ್ಮಿ ಇಲ್ಲ. ಸಿಪಿಐ ಅಭ್ಯರ್ಥಿ ಶಿವನ್ ಪಿಳ್ಳೈ ಯಂತ್ರ ಬೇಡ ಅಂತ ಮತದಾನಕ್ಕೆ ಮೊದಲೇ ಕೋರ್ಟಿಗೆ ಹೋಗಿದ್ರು. ಎಣಿಕೆ ಆದಾಗ ಗೆದ್ದವರು ಅವರೇ, 123 ಓಟಿನಿಂದ! ಈಗ ಕೋರ್ಟಿಗೆ ಹೋಗೋ ಸರದಿ ಸೋತ ಕಾಂಗ್ರೆಸ್‌ನ ಎ.ಸಿ. ಜೋಸ್ ಅವರದ್ದು.

1984ರಲ್ಲಿ ಸುಪ್ರೀಂ ಕೋರ್ಟ್ ಆ ಚುನಾವಣೆಯನ್ನ ರದ್ದು ಮಾಡಿತು. ಯಂತ್ರ ತಪ್ಪು ಎಣಿಸಿದೆ ಅಂತ ಅಲ್ಲ. ಯಂತ್ರದಲ್ಲಿ ಓಟು ಹಾಕಿಸೋಕೆ ಕಾನೂನೇ ಇಲ್ಲ ಅಂತ. ಆ 50 ಬೂತ್‌ಗಳಲ್ಲಿ ಬ್ಯಾಲೆಟ್ ಪೇಪರ್‌ನಲ್ಲಿ ಮರು ಮತದಾನ ಆಯ್ತು, ಜೋಸ್ ಗೆದ್ರು.

ಜಾಲಹಳ್ಳಿಯಲ್ಲಿ ಎಷ್ಟೇ ಚೆನ್ನಾಗಿ ಯಂತ್ರ ಮಾಡಿದ್ರೂ, ಜನ ಒಪ್ಪಬೇಕು ಅಂದ್ರೆ ಅದರ ಹಿಂದೆ ಕಾನೂನು ಇರಬೇಕು ಅನ್ನೋದು ಪರವೂರಿನ ಪಾಠ. ಸಂಸತ್ತು 1988ರ ಡಿಸೆಂಬರ್‌ನಲ್ಲಿ ಕಾಯ್ದೆಗೆ ತಿದ್ದುಪಡಿ ಮಾಡಿತು. 1989-90ರಲ್ಲಿ ಯಂತ್ರಗಳು ತಯಾರಾದ್ವು. ಆದ್ರೂ ಪಕ್ಷಗಳ ಅನುಮಾನ ತೀರಲಿಲ್ಲ. ಅವನ್ನ ಪ್ರಯೋಗಕ್ಕೆ ಅಂತ ಹೊರಗೆ ತೆಗೆದಿದ್ದು 1998ರ ನವೆಂಬರ್‌ನಲ್ಲಿ. ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ 16 ಕ್ಷೇತ್ರಗಳಲ್ಲಿ.

ಅಷ್ಟರಲ್ಲಿ ರಂಗರಾಜನ್ ಬಿಇಎಲ್‌ನಿಂದ ನಿವೃತ್ತಿ ಆಗಿ ಚೆನ್ನೈ ಸೇರಿದ್ರು. 2004ರ ಲೋಕಸಭೆ ಚುನಾವಣೆಯಲ್ಲಿ ಮೊದಲ ಸಲ ಇಡೀ ದೇಶ, ಎಲ್ಲ 543 ಕ್ಷೇತ್ರಗಳೂ ಯಂತ್ರದಲ್ಲೇ ಓಟು ಹಾಕಿದ್ವು. ಆಗ ರಾಷ್ಟ್ರಪತಿ ಆಗಿದ್ದವರು ಅವರ ಹಳೇ ಸಹಪಾಠಿ ಕಲಾಂ. ಅದನ್ನ ಕಣ್ಣಾರೆ ನೋಡಿ, 2008ರ ಫೆಬ್ರವರಿ 27ರಂದು ಸುಜಾತಾ ಚೆನ್ನೈನಲ್ಲಿ ತೀರಿಕೊಂಡ್ರು. ವಯಸ್ಸು 72.

ಅನುಮಾನ ಉಳೀತು

ಯಂತ್ರ ಮಾಡಿದವರು ಹೋದ್ರು, ಪ್ರಶ್ನೆ ಉಳೀತು. ನಾನು ಒತ್ತಿದ ಗುರುತಿಗೇ ಓಟು ಬಿತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ಇದು ದಡ್ಡ ಪ್ರಶ್ನೆ ಅಲ್ಲ. 2009ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಅಲ್ಲಿನ ಮತಯಂತ್ರಗಳ ಬಳಕೆ ಸಂವಿಧಾನಕ್ಕೆ ಒಪ್ಪಲ್ಲ ಅಂದಿದ್ದು ಇದೇ ಕಾರಣಕ್ಕೆ. ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಮನುಷ್ಯನಿಗೂ ಎಣಿಕೆಯನ್ನ ಪರಿಶೀಲಿಸೋಕೆ ಆಗಬೇಕು ಅನ್ನೋದು ಅಲ್ಲಿನ ತೀರ್ಪು.

ನಮ್ಮಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ವಿವಿಪ್ಯಾಟ್ ಬಂತು. ಏಳು ಸೆಕೆಂಡ್ ಗಾಜಿನ ಹಿಂದೆ ಚೀಟಿ ಕಾಣುತ್ತೆ, ಆಮೇಲೆ ಡಬ್ಬಿಗೆ ಬೀಳುತ್ತೆ. ಅಂದ್ರೆ ಯಂತ್ರ ಓಡಿಸಿದ್ದ ಪೇಪರ್, ಹಿಂಬಾಗಿಲಿಂದ ಮತ್ತೆ ಒಳಗೆ ಬಂತು. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಬೂತ್‌ಗಳ ಚೀಟಿಯನ್ನ ಯಂತ್ರದ ಲೆಕ್ಕದ ಜೊತೆ ತಾಳೆ ನೋಡ್ತಾರೆ.

ಎಲ್ಲ ಚೀಟಿ ಎಣಿಸಿ, ಇಲ್ಲಾ ಬ್ಯಾಲೆಟ್ ಪೇಪರ್ ವಾಪಸ್ ತನ್ನಿ ಅನ್ನೋ ಅರ್ಜಿಗಳನ್ನ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು. ಅವತ್ತೇ ಬೆಂಗಳೂರಿನ ಮತದಾನ. ದೆಹಲಿಯಲ್ಲಿ ತೀರ್ಪು ಓದೋ ದಿನವೇ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಜನ ಬಿಸಿಲಲ್ಲಿ ಸಾಲು ನಿಂತು ಅದೇ ಯಂತ್ರದ ಬಟನ್ ಒತ್ತಿದ್ರು.

ನಮ್ಮ ಓಣಿಗೆ ಬಂದ್ರೆ

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಬ್ಯಾಲೆಟ್ ಪೇಪರ್ ಬಳಸಿ ಅಂತ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡೋಕೆ ತೀರ್ಮಾನಿಸಿತು. ಅದೇ ತಿಂಗಳು ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತು. ಕೆ.ಆರ್. ಪುರ ಪೂರ್ವ ಪಾಲಿಕೆಗೆ, ಶಿವಾಜಿನಗರ ಕೇಂದ್ರ ಪಾಲಿಕೆಗೆ ಸೇರಿದ್ವು. ಅದಕ್ಕೂ ಒಂದು ತಿಂಗಳ ಮುಂಚೆ, ಪಕ್ಕದ ಮಹದೇವಪುರದ ಮತದಾರರ ಪಟ್ಟಿಯಲ್ಲಿ ಕಳ್ಳ ಹೆಸರುಗಳಿವೆ ಅಂತ ರಾಹುಲ್ ಗಾಂಧಿ ಆರೋಪ ಮಾಡಿದ್ರು, ಕೇಂದ್ರ ಚುನಾವಣಾ ಆಯೋಗ ಅದನ್ನ ಒಪ್ಪಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಪಟ್ಟಿಯಲ್ಲಿ ಹೆಸರು ಸರಿ ಇಲ್ಲದಿದ್ರೆ ಮೆಷಿನ್ನೂ ಕಾಪಾಡಲ್ಲ, ಪೇಪರ್ರೂ ಕಾಪಾಡಲ್ಲ. ಇನ್ನು ಚುನಾವಣೆಯೇ ನಡೀದಿದ್ರೆ ಯಾವ ವಿಧಾನ ಇದ್ದು ಏನು ಪ್ರಯೋಜನ? ಬಿಬಿಎಂಪಿ ಸದಸ್ಯರ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಐದು ವರ್ಷ ಕಳೆದ್ರೂ ಹೊಸ ಚುನಾವಣೆ ಆಗಲಿಲ್ಲ. ಮೋರಿ ಕಟ್ಟಿದ್ರೆ, ಬೀದಿ ದೀಪ ಕೆಟ್ಟರೆ ಹೇಳ್ಕೊಳ್ಳೋಕೆ ಅಂಗಡಿಯವರಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ.

ರಂಗರಾಜನ್ ಮತ್ತವರ ಜೊತೆಯವರು ಮಾಡಿದ್ದು ಓಟು ಎಣಿಸೋ ಯಂತ್ರ. ನಂಬಿಕೆ ಹುಟ್ಟಿಸೋ ಯಂತ್ರವನ್ನ ಯಾವ ಕಾರ್ಖಾನೆಯೂ ಮಾಡಲ್ಲ. ಅದು ಹುಟ್ಟೋದು ಮತಗಟ್ಟೆಯಲ್ಲಿ. ಬೆಳಿಗ್ಗೆ ಮತದಾನಕ್ಕೆ ಮೊದಲು ಏಜೆಂಟರ ಮುಂದೆ ಕನಿಷ್ಠ 50 ಅಣಕು ಓಟು ಹಾಕಿ ತೋರಿಸ್ತಾರೆ. ಸಂಜೆ ಒಟ್ಟು ಎಷ್ಟು ಓಟು ಬಿತ್ತು ಅಂತ ಬರೆದ 17ಸಿ ನಮೂನೆಯ ಪ್ರತಿ ಕೊಡ್ತಾರೆ. ಬೆಳಿಗ್ಗೆ ಎದ್ದು ಹೋಗಿ ನೋಡೋ ಏಜೆಂಟ್, ಆ ಚೀಟಿಯನ್ನ ಎಣಿಕೆ ದಿನದವರೆಗೂ ಜೋಪಾನ ಮಾಡೋ ಕಾರ್ಯಕರ್ತ, ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಮುಂಚೆಯೇ ನೋಡ್ಕೊಳ್ಳೋ ಮತದಾರ: ಈ ಮೂವರು ಇದ್ರೆ ಪೆಟ್ಟಿಗೆ ಕಬ್ಬಿಣದ್ದಾದ್ರೂ ಸರಿ, ಪ್ಲಾಸ್ಟಿಕ್‌ನದ್ದಾದ್ರೂ ಸರಿ.