ಲ್ಯಾಟಿನ್ನಿನ ಬಾಗಿಲು ತೆರೆದ ಕೊಮೇನಿಯಸ್

ಹದಿನಾರನೆಯ ವಯಸ್ಸಿನಲ್ಲಿ ಲ್ಯಾಟಿನ್ ಶಾಲೆಯ ಮೆಟ್ಟಿಲು ಹತ್ತಿದ ಅನಾಥ ಬಾಲಕನೊಬ್ಬನು ಮುಂದೆ ಆ ಭಾಷೆಯನ್ನು ಕಲಿಸುವ ಬಗೆಯನ್ನು ಯೂರೋಪ ಖಂಡಕ್ಕೆಲ್ಲ ತೋರಿಸಿಕೊಟ್ಟನು. ಆತನೇ ಜಾನ್ ಆಮೋಸ್ ಕೊಮೇನಿಯಸ್. ಶಿಕ್ಷಕರ ತರಬೇತಿಯ ಪಠ್ಯಗಳಲ್ಲಿ ಆತನ ಹೆಸರು ತಪ್ಪದೆ ಬರುತ್ತದೆ. ಆದರೆ ಆ ಹೆಸರಿನ ಹಿಂದಿನ ಬಾಳು ಎಂಥ ಬೆಂಕಿಯಲ್ಲಿ ಬೆಂದುದೆಂಬುದು ಪರೀಕ್ಷೆಗೆ ಓದುವವರ ಕಣ್ಣಿಗೆ ಬೀಳುವುದು ಅಪರೂಪ.

1592ರ ಮಾರ್ಚ್ 28ರಂದು, ಇಂದಿನ ಚೆಕ್ ದೇಶಕ್ಕೆ ಸೇರಿದ ಮೊರೇವಿಯ ಪ್ರಾಂತದಲ್ಲಿ ಆತನ ಜನನವಾಯಿತು. ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದನು. 1608ರಲ್ಲಿ ಪ್ರೆರೋವ್ ಊರಿನ ಲ್ಯಾಟಿನ್ ಶಾಲೆಗೆ ಸೇರಿದನು. ತಡವಾಗಿ ಬಂದುದೇ ಒಂದು ಲಾಭವಾಯಿತೆನ್ನಬೇಕು. ಎಳೆಯ ಮಕ್ಕಳು ಮೂಕವಾಗಿ ಅನುಭವಿಸುತ್ತಿದ್ದ ಸಂಕಟವನ್ನು ಆತನು ಬಲಿತ ಬುದ್ಧಿಯಿಂದ ಕಂಡನು. ಅರ್ಥವರಿಯದ ವ್ಯಾಕರಣ ಸೂತ್ರಗಳನ್ನು ಉರು ಹೊಡೆಯುವುದು, ತಪ್ಪಿದರೆ ಬೆತ್ತದ ಏಟು ತಿನ್ನುವುದು, ಇದೇ ಅಂದಿನ ಭಾಷಾಶಿಕ್ಷಣವಾಗಿತ್ತು. ಅಂಥ ಶಾಲೆಗಳು ಮನಸ್ಸಿನ ವಧಾಸ್ಥಾನಗಳೆಂದು ಆತನು ಮುಂದೆ ಕಟುವಾಗಿ ಬರೆದನು.

ಜರ್ಮನಿಯ ಹೆರ್ಬೋರ್ನ್ ಮತ್ತು ಹೈಡಲ್‌ಬರ್ಗ್‌ಗಳಲ್ಲಿ ವ್ಯಾಸಂಗ ಮುಗಿಸಿ ತಾಯ್ನಾಡಿಗೆ ಮರಳಿ, ತನ್ನ ಸಣ್ಣ ಪ್ರಾಟೆಸ್ಟಂಟ್ ಪಂಥದ ಪಾದ್ರಿಯೂ ಅಧ್ಯಾಪಕನೂ ಆದನು. 1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು. 1620ರ ಶ್ವೇತಗಿರಿ ಕದನದಲ್ಲಿ ಆತನ ಪಕ್ಷ ಸೋತ ಮೇಲೆ ಫುಲ್ನೆಕ್ ಊರಿನ ಮನೆಯನ್ನು ತೊರೆದು ತಲೆಮರೆಸಿಕೊಳ್ಳಬೇಕಾಯಿತು. 1622ರಲ್ಲಿ ಹೆಂಡತಿಯೂ ಇಬ್ಬರು ಕಂದಮ್ಮಗಳೂ ಪ್ಲೇಗಿಗೆ ತುತ್ತಾದರು. 1628ರಲ್ಲಿ ಗಡಿ ದಾಟಿ ಪೋಲಂಡಿನ ಲೆಶ್ನೋ ಪಟ್ಟಣ ಸೇರಿದವನು ಮತ್ತೆಂದೂ ಹುಟ್ಟಿದ ನಾಡಿನಲ್ಲಿ ನೆಲೆಸಲಿಲ್ಲ.

ಮಾತೃಭಾಷೆಯ ನೆಲ ಕಳೆದುಕೊಂಡ ಈ ಮನುಷ್ಯನೇ ಪರಭಾಷೆಯ ಹಾದಿಯನ್ನು ಹಸನುಗೊಳಿಸಲು ಹೊರಟನು. 1631ರಲ್ಲಿ ಲೆಶ್ನೋದಲ್ಲಿ ಆತನ ‘ಭಾಷೆಗಳ ದ್ವಾರ’ ಹೊರಬಂದಿತು. ಸುಮಾರು 8,000 ಶಬ್ದಗಳನ್ನು 1,000 ವಾಕ್ಯಗಳಲ್ಲಿ ಪೋಣಿಸಿ, ಸರಳದಿಂದ ಕಠಿಣಕ್ಕೆ ಏರುವಂತೆ, ಬೆಂಕಿ, ನೀರು, ಗಿಡಮರ, ಮನೆ, ಕಸುಬುಗಳೆಂದು ವಿಷಯಾನುಸಾರ 100 ಅಧ್ಯಾಯಗಳಲ್ಲಿ ಜೋಡಿಸಿದ್ದನು. ಪುಸ್ತಕವು ಯೂರೋಪಿನ ಅನೇಕ ಭಾಷೆಗಳಿಗೆ ಹಬ್ಬಿತು. ಆದರೂ ಮೊದಲ ಕಲಿಕೆಗೆ ಅದು ಭಾರವೇ. ಕರ್ತೃವಿಗೇ ಅದು ಬೇಗನೆ ಮನವರಿಕೆಯಾಗಿ, 1633ರಲ್ಲಿ ಚಿಕ್ಕವರಿಗಾಗಿ ‘ಹೊರಪಡಸಾಲೆ’ಯೆಂಬ ಕಿರುಹೊತ್ತಗೆಯನ್ನು ರಚಿಸಿ ಬಾಗಿಲಿನ ಮುಂದೆ ಇರಿಸಿದನು.

ಆತನ ದೃಷ್ಟಿಯಲ್ಲಿ ಕಲಿಕೆಯ ಮೊದಲ ಶತ್ರು ಭಯ. ತಾಯ್ನುಡಿ ಬಲಿತ ಮೇಲೆಯೇ ಪರಭಾಷೆ ಬರಬೇಕು. ವಸ್ತುವನ್ನು ಕಾಣದೆ ಶಬ್ದವನ್ನು ಕಲಿಯಬಾರದು. ದಿನಕ್ಕೆ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು ತಾಸುಗಳ ಪಾಠ ಸಾಕು. ತಾಯ್ನುಡಿಯ ಶಾಲೆಯಲ್ಲಿ ಪ್ರತಿ ಮಗುವೂ ಹಾಡಲು ಕಲಿಯಬೇಕೆಂದು ವಿಧಿಸಿದನು. ಪಾಠ ಬಾರದ ಮಗುವನ್ನು ಹೊಡೆಯಲಾಗದು ಎಂಬುದಕ್ಕೆ ಆತನು ಕೊಟ್ಟ ದೃಷ್ಟಾಂತವೂ ಸಂಗೀತದ್ದೇ: ಶ್ರುತಿ ತಪ್ಪಿದ ತಂತಿವಾದ್ಯವನ್ನು ವಾದಕನು ಮುಷ್ಟಿಯಿಂದ ಗುದ್ದುವುದಿಲ್ಲ, ಶ್ರುತಿಗೂಡುವ ತನಕ ತಿದ್ದುತ್ತಾನೆ. ಮೂರು ಶತಮಾನಗಳ ಬಳಿಕ, 1960ರ ದಶಕದಲ್ಲಿ, ಬಲ್ಗೇರಿಯದ ಮನೋವೈದ್ಯ ಗಿಯೋರ್ಗಿ ಲೊಜಾನೋವ್ ಸಂಗೀತ, ಮನದ ವಿಶ್ರಾಂತಿ, ನಿನ್ನಿಂದಾಗುತ್ತದೆಂಬ ಭರವಸೆಯ ಸೂಚನೆಗಳ ಮೂಲಕ ಪರಭಾಷೆ ಕಲಿಸಲು ತೊಡಗಿದನು. ಉಪಕರಣಗಳು ಬೇರೆಯಾದರೂ ಇಬ್ಬರೂ ಎದುರಿಸಿದ ತಡೆ ಒಂದೇ.

1650ರಲ್ಲಿ ಹಂಗೇರಿಯ ಶಾರೋಶ್‌ಪಟಕ್ ಶಾಲೆಯವರು ಆತನನ್ನು ಕರೆಸಿಕೊಂಡರು. ಅಲ್ಲಿ ವಿದ್ಯಾರ್ಥಿಗಳ ಆಲಸ್ಯವನ್ನು ಕಂಡು, ‘ದ್ವಾರ’ದ ವಿಷಯವನ್ನೇ ಎಂಟು ನಾಟಕಗಳಾಗಿ ಮಾರ್ಪಡಿಸಿ ಹುಡುಗರಿಂದ ಲ್ಯಾಟಿನ್ನಿನಲ್ಲಿ ಆಡಿಸಿದನು. ಶಾಲೆಯಲ್ಲಿ ನಾಟಕವೇ ಎಂದು ಮೂಗು ಮುರಿದವರು ಅಲ್ಲಿಯೂ ಇದ್ದರು. ಬಾಯಿ ತೆರೆಯಲು ಅಂಜುತ್ತಿದ್ದ ಹುಡುಗರು ಜನರೆದುರು ನಿಂತು ಮಾತನಾಡಿದಾಗ ಅವರ ಬಾಯಿ ಕಟ್ಟಿತು. ಮಕ್ಕಳಿಗಾಗಿ ಸಚಿತ್ರ ಪುಸ್ತಕವೊಂದನ್ನೂ ಅಲ್ಲಿಯೇ ಸಿದ್ಧಗೊಳಿಸಿದನು. ಚಿತ್ರ ಕೆತ್ತಬಲ್ಲ ಶಿಲ್ಪಿ ಆ ಊರಿನಲ್ಲಿ ದೊರೆಯದೆ ಮುದ್ರಣ ನಿಂತಿತು.

1654ರಲ್ಲಿ ಲೆಶ್ನೋಗೆ ಮರಳಿದನು. ಎರಡೇ ವರ್ಷಗಳಲ್ಲಿ ಯುದ್ಧದ ಉರಿ ಆ ಪಟ್ಟಣವನ್ನೂ ನುಂಗಿತು. ಮನೆ, ಗ್ರಂಥಾಲಯ, ಹಸ್ತಪ್ರತಿಗಳೊಂದಿಗೆ, 40 ವರ್ಷಗಳಿಗೂ ಮೀರಿ ಶಬ್ದಕ್ಕೆ ಶಬ್ದ ಕೂಡಿಸಿದ್ದ ಚೆಕ್ ಭಾಷೆಯ ನಿಘಂಟು ಬೂದಿಯಾಯಿತು. ಆಗ ಆತನಿಗೆ 64 ವರ್ಷ. ಅದನ್ನು ಮತ್ತೆ ಬರೆಯುವಷ್ಟು ಆಯುಸ್ಸು ಉಳಿದಿರಲಿಲ್ಲ. ಕಳೆದುಕೊಂಡ ನಾಡಿನಿಂದ ಆತನು ಹೊತ್ತು ತಂದ ದೊಡ್ಡ ಆಸ್ತಿಯೇ ಆ ನುಡಿಯಾಗಿತ್ತೆಂಬುದನ್ನು ನೆನೆದರೆ ಈ ನಷ್ಟದ ಆಳ ತಿಳಿದೀತು.

ನಿರಾಶ್ರಿತನಾಗಿ ಆಮ್‌ಸ್ಟರ್‌ಡ್ಯಾಮ್ ಸೇರಿದ ವೃದ್ಧನು ಕೈಕಟ್ಟಿ ಕೂರಲಿಲ್ಲ. 1657ರಲ್ಲಿ ಸಮಗ್ರ ಶಿಕ್ಷಣಕೃತಿಗಳು ಅಲ್ಲಿ ಅಚ್ಚಾದವು. ಮರುವರ್ಷ ನ್ಯೂರೆಂಬರ್ಗ್‌ನಲ್ಲಿ ಆ ಸಚಿತ್ರ ಪುಸ್ತಕವೂ ಬೆಳಕು ಕಂಡಿತು. 150 ಪಾಠಗಳು, ಪ್ರತಿ ಪಾಠಕ್ಕೊಂದು ಚಿತ್ರ, ಕೆಳಗೆ ಲ್ಯಾಟಿನ್ ಮತ್ತು ಜರ್ಮನ್ ವಾಕ್ಯಗಳು ಅಕ್ಕಪಕ್ಕ. ಅಕ್ಷರಮಾಲೆಯನ್ನು ಕಾಗೆ, ಕುರಿಮರಿ ಮೊದಲಾದ ಪ್ರಾಣಿಗಳ ಕೂಗಿನಿಂದಲೇ ಕಲಿಸಿದ್ದನು.

1670ರ ನವೆಂಬರ್ 15ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಕೊಮೇನಿಯಸ್ ದೇಹಬಿಟ್ಟನು. ಸಮಾಧಿ ಸಮೀಪದ ನಾರ್ಡೆನ್ ಊರಿನಲ್ಲಿದೆ. ಚಿತ್ರಪುಸ್ತಕ ಮಾತ್ರ ಮಕ್ಕಳ ಕೈಯಿಂದ ಕೈಗೆ ಸಾಗುತ್ತಲೇ ಇದ್ದಿತು. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಫ್ರಾಂಕ್‌ಫರ್ಟಿನ ಮನೆಯೊಂದರಲ್ಲಿ ಅದರ ಹಾಳೆ ತಿರುವುತ್ತಿದ್ದ ಬಾಲಕರಲ್ಲಿ ಒಬ್ಬನು ಗಯಟೆ.