ಕಣ್ಣಿಗಾಗಿ ಮನೆ ಕಟ್ಟಿದ ಓಲಾಫ್ ಹ್ಯಾನ್ಸನ್

ವಿಜಯಪುರದ ಗೋಳಗುಮ್ಮಟವನ್ನು ನೋಡಿ ಬಂದವರನ್ನು ಏನು ಕಂಡಿರೆಂದು ವಿಚಾರಿಸಿದರೆ, ಬಹುಮಂದಿ ತಾವು ಕಿವಿಯಾರೆ ಕೇಳಿದ್ದನ್ನೇ ಹೇಳುತ್ತಾರೆ. ಹೊರ್ತಿಯಂಥ ಊರುಗಳಿಂದ ಸೋಲಾಪುರ–ವಿಜಯಪುರದ ಹೆದ್ದಾರಿ ಹಿಡಿದು ಅಲ್ಲಿಗೆ ಹೋಗುವ ನಮ್ಮ ಕಡೆಯ ಮಕ್ಕಳಿಗಂತೂ ಗುಮ್ಮಟವೆಂದರೆ ಕೂಗಿಗೆ ಮರುಕೂಗು ಕೊಡುವ ಕಟ್ಟಡ. ಆದರೆ ಕಿವಿ ಮಂದವಾದವನಿಗೆ ಆ ವೈಭವವೇ ಒಂದು ಗೊಂದಲ. ಒಂದು ಮಾತು ಅಡಗುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಬೀಳುತ್ತದೆ. ಕಿವಿಯನ್ನು ನೆಚ್ಚಲಾಗದವರಿಗಾಗಿ ಕಟ್ಟಡವನ್ನು ಕಟ್ಟುವುದು ಹೇಗೆ? ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರವಿತ್ತ ಕಿವುಡ ವಾಸ್ತುಶಿಲ್ಪಿಯೊಬ್ಬನ ಚರಿತ್ರೆಯನ್ನು ಇಲ್ಲಿ ನಿರೂಪಿಸಬಯಸುತ್ತೇನೆ.

ಓಲಾಫ್ ಹ್ಯಾನ್ಸನ್ ಹುಟ್ಟಿದ್ದು 1862ರ ಸೆಪ್ಟೆಂಬರ್ 10ರಂದು, ಸ್ವೀಡನ್ ದೇಶದ ಒಂದು ಹಳ್ಳಿಯಲ್ಲಿ. 1875ರಲ್ಲಿ ಆ ಕುಟುಂಬವು ಅಮೆರಿಕೆಯ ಮಿನೆಸೋಟಾ ರಾಜ್ಯಕ್ಕೆ ವಲಸೆ ಹೋಯಿತು. ಬಾಲ್ಯದಲ್ಲಿಯೇ ಕುಂದತೊಡಗಿದ್ದ ಅವನ ಶ್ರವಣಶಕ್ತಿ ಹದಿಹರೆಯದ ಹೊಸ್ತಿಲಲ್ಲಿ ಪೂರ್ಣವಾಗಿ ಅಡಗಿತು. ಹೊಸ ನಾಡು, ಹೊಸ ನುಡಿ. ಆ ನುಡಿಯನ್ನು ಕಿವಿಯಿಂದ ಕಲಿಯುವ ದಾರಿ ಮುಚ್ಚಿಹೋಗಿತ್ತು. ಫೇರಿಬೋ ಎಂಬ ಊರಿನ ಕಿವುಡರ ಶಾಲೆ ಅವನಿಗೆ ಬೇರೊಂದು ದಾರಿಯನ್ನು ತೆರೆಯಿತು. ಕೈಸನ್ನೆಯ ಭಾಷೆಯೊಡನೆ ವಿದ್ಯೆಯನ್ನೂ ಗಳಿಸಿ, ವಾಷಿಂಗ್ಟನ್ ನಗರದ ಕಿವುಡರ ರಾಷ್ಟ್ರೀಯ ಕಾಲೇಜನ್ನು ಸೇರಿ, 1886ರಲ್ಲಿ ಪದವೀಧರನಾದನು. ಈಗ ಗ್ಯಾಲಡೆಟ್ ವಿಶ್ವವಿದ್ಯಾಲಯವೆಂದು ಹೆಸರಾಗಿರುವುದು ಆ ಕಾಲೇಜೇ.

ಆ ಕಾಲದ ಕಿವುಡರ ಶಾಲೆಗಳು ಸಾಮಾನ್ಯವಾಗಿ ಕಲಿಸುತ್ತಿದ್ದ ಕಸುಬುಗಳು ಬಡಗಿತನ, ಮುದ್ರಣ, ಪಾದರಕ್ಷೆಯ ಕೆಲಸ. ಹ್ಯಾನ್ಸನ್ ಆರಿಸಿಕೊಂಡದ್ದೋ ಮನೆಯ ಯಜಮಾನ, ಗುತ್ತಿಗೆದಾರ, ಗೌಂಡಿ ಎಲ್ಲರೊಡನೆಯೂ ಸದಾ ವ್ಯವಹರಿಸಬೇಕಾದ ವಾಸ್ತುಶಿಲ್ಪವನ್ನು. ಮಿನಿಯಾಪೊಲಿಸ್ ನಗರದಲ್ಲಿ ನಕ್ಷೆಗಾರನಾಗಿ ದುಡಿದನು. 1889ರಲ್ಲಿ ಯುರೋಪಿಗೆ ತೆರಳಿ ಅಲ್ಲಿಯ ಕಟ್ಟಡಗಳನ್ನು ಅಭ್ಯಾಸ ಮಾಡಿ ಬಂದನು. ತಾನು ಓದಿದ ಶಾಲೆಯಲ್ಲಿ ಕೆಲಕಾಲ ಪಾಠ ಹೇಳಿ, 1895ರಲ್ಲಿ ಫೇರಿಬೋದಲ್ಲಿ ಸ್ವಂತ ಕಚೇರಿಯನ್ನು ತೆರೆದನು. ಮನೆ, ಅಂಗಡಿಗಳಲ್ಲದೆ, ಉತ್ತರ ಡಕೋಟಾದ ಕಿವುಡರ ಶಾಲೆಯ ಕಟ್ಟಡಕ್ಕೂ, ತನ್ನ ಕಾಲೇಜಿನ ಆವರಣದ ಬಾಲಕರ ವಸತಿಗೃಹಕ್ಕೂ ನಕ್ಷೆ ಬರೆದನು. ಮುಂದೆ ಸಿಯಾಟಲ್ ನಗರದಲ್ಲಿ ನೆಲೆಸಿದನು.

ಅವನ ಕೃತಿಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಸೇಂಟ್ ಪಾಲ್ ನಗರದ ಥಾಂಪ್ಸನ್ ಭವನ. ಕಿವುಡನಾಗಿದ್ದ ತನ್ನ ಪತಿ ಚಾರ್ಲ್ಸ್ ಥಾಂಪ್ಸನ್ನನ ನೆನಪಿಗೆ ಮಾರ್ಗರೆಟ್ ಥಾಂಪ್ಸನ್ ಕಟ್ಟಿಸಿಕೊಟ್ಟ ಈ ಭವನ 1916ರಲ್ಲಿ ಸಿದ್ಧವಾಯಿತು. ಕಿವುಡರು ಒಂದೆಡೆ ಕಲೆಯಲೆಂದೇ, ಕಿವುಡನೊಬ್ಬನ ನಕ್ಷೆಯಂತೆ ಎದ್ದು ನಿಂತ ಮನೆಯಿದು. ಸನ್ನೆಯಿಂದ ಮಾತನಾಡುವವರಿಗೆ ಬೆಳಕೇ ಗಾಳಿಯಿದ್ದಂತೆ. ಮಾತನ್ನು ಹೊತ್ತು ತರುವುದು ಅದೇ. ಸಭೆಯ ನಡುವೆ ನಿಂತ ಕಂಬ ಅವರ ಮಾತನ್ನು ತುಂಡರಿಸುತ್ತದೆ. ಕಿಟಕಿಗೆ ಬೆನ್ನು ಮಾಡಿ ನಿಂತವನ ಮುಖವೂ ಕೈಯೂ ನೆರಳಾಗಿ, ಅವನು ಮೂಕನಾಗುತ್ತಾನೆ. ಕತ್ತಲ ಓಣಿಯಲ್ಲಿ ಜೊತೆಗೆ ನಡೆಯುವ ಇಬ್ಬರೂ ಒಂಟಿಗಳೇ. ಇವನ್ನೆಲ್ಲ ಅನುಭವದಿಂದ ಬಲ್ಲವನಿಗೆ ಅಗಲವಾದ ಕಿಟಕಿ, ತೆರಪಾದ ಸಭಾಂಗಣ ಬರಿಯ ಅಲಂಕಾರಗಳಾಗಿರಲಿಲ್ಲ.

ಈ ಭವನದ ಹಿಂದೆ ಒಂದು ಹೋರಾಟವೂ ಇತ್ತು. 1880ರಲ್ಲಿ ಮಿಲಾನ್ ನಗರದಲ್ಲಿ ನೆರೆದ ಶಿಕ್ಷಕರ ಸಮ್ಮೇಳನವು ಕಿವುಡ ಮಕ್ಕಳಿಗೆ ತುಟಿಮಾತನ್ನೇ ಕಲಿಸಬೇಕು, ಸನ್ನೆ ಸಲ್ಲದು ಎಂದು ನಿರ್ಣಯಿಸಿತ್ತು. ಕಿವುಡರ ಭಾಷೆಯನ್ನು ಕುರಿತ ಆ ತೀರ್ಮಾನವನ್ನು ಮಾಡಿದವರೆಲ್ಲ ಹೆಚ್ಚುಕಡಿಮೆ ಕಿವಿಯುಳ್ಳವರೇ. 1910ರಿಂದ 1913ರವರೆಗೆ ಅಮೆರಿಕೆಯ ಕಿವುಡರ ರಾಷ್ಟ್ರೀಯ ಸಂಘದ ಅಧ್ಯಕ್ಷನಾಗಿದ್ದ ಹ್ಯಾನ್ಸನ್, ನೆಬ್ರಾಸ್ಕ ರಾಜ್ಯವು 1911ರಲ್ಲಿ ಅಂಥದೇ ಕಾನೂನನ್ನು ತಂದಾಗ ಬಲವಾಗಿ ಪ್ರತಿಭಟಿಸಿದನು. ಅದಕ್ಕೆ ಮೊದಲೇ, ಸರಕಾರಿ ನೌಕರಿಯಿಂದ ಕಿವುಡರನ್ನು ಹೊರಗಿಟ್ಟಿದ್ದ ನಿಯಮದ ವಿರುದ್ಧ ರಾಷ್ಟ್ರಾಧ್ಯಕ್ಷರವರೆಗೂ ಅಹವಾಲು ಒಯ್ದಿದ್ದನು. 1908ರಲ್ಲಿ ಆ ನಿಷೇಧ ತೆರವಾಯಿತು. ಈ ಕಾರ್ಯಗಳಲ್ಲಿ ಅವನಿಗೆ ಸಮಬಲದ ಸಂಗಾತಿ ದೊರೆತಿದ್ದಳು. 1899ರಲ್ಲಿ ಅವನ ಕೈಹಿಡಿದ ಅಗಾಥಾ ಟೀಗೆಲ್, ಅವರ ಕಾಲೇಜಿನಿಂದ 1893ರಲ್ಲಿ ಬಿ.ಎ. ಪದವಿ ಪಡೆದ ಮೊಟ್ಟಮೊದಲ ಮಹಿಳೆ.

ಕೊನೆಗಾಲದಲ್ಲಿ ಹ್ಯಾನ್ಸನ್ ಧರ್ಮಸೇವೆಗೆ ತಿರುಗಿ, 1929ರಲ್ಲಿ ಎಪಿಸ್ಕೋಪಲ್ ಪಂಥದ ಪಾದ್ರಿಯಾಗಿ, ಕಿವುಡ ಭಕ್ತರಿಗೆ ಸನ್ನೆಯಲ್ಲಿ ಉಪದೇಶಿಸುತ್ತಿದ್ದನು. 1933ರ ಸೆಪ್ಟೆಂಬರಿನಲ್ಲಿ, ಎಪ್ಪತ್ತೊಂದು ತುಂಬಲು ಎರಡು ದಿನವಿರುವಾಗ ತೀರಿಕೊಂಡನು.

ಅವನು ಅನುಭವದಿಂದ ಅರಿತದ್ದು ಈಗ ಶಾಸ್ತ್ರವಾಗಿ ಬೆಳೆದಿದೆ. 2005ರಿಂದ ಗ್ಯಾಲಡೆಟ್‌ನಲ್ಲಿ ರೂಪುಗೊಂಡ ತತ್ತ್ವಗಳು ಹೇಳುವುದಿಷ್ಟು: ಸನ್ನೆ ಮಾಡುತ್ತ ಇಬ್ಬರು ಜೊತೆಯಾಗಿ ನಡೆಯುವಷ್ಟು ಓಣಿ ಅಗಲವಿರಲಿ, ಎದುರು ಬರುವವನು ಕಾಣುವಂತೆ ಮೂಲೆಗಳು ದುಂಡಾಗಿರಲಿ, ಕಣ್ಣು ಕುಕ್ಕದ ಹದವಾದ ಬೆಳಕಿರಲಿ, ಕೈಯ ಚಲನೆ ಎದ್ದು ತೋರುವ ಬಣ್ಣ ಗೋಡೆಗಿರಲಿ, ಶ್ರವಣಯಂತ್ರ ಧರಿಸಿದವರಿಗಾಗಿ ಮಾರ್ದನಿ ತಗ್ಗಲಿ.

ಪಾಠ ಹೇಳುವ ನನ್ನಂಥವರಿಗೆ ಈ ಚರಿತ್ರೆ ದೂರದ್ದಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾನೂನು ಬಂದ ಮೇಲೆ ನಮ್ಮಲ್ಲಿಯೂ ಸೌಕರ್ಯದ ಮಾತು ಕೇಳಿಬರುತ್ತಿದೆ. ಆದರೆ ಸೌಕರ್ಯವೆಂದೊಡನೆ ನಾವು ನೆನೆಯುವುದು ಬಾಗಿಲೆದುರಿನ ಇಳಿಜಾರನ್ನು ಮಾತ್ರ. ಒಳಗೆ ಬಂದ ಕಿವುಡ ಹುಡುಗಿಗೆ ಉಪಾಧ್ಯಾಯರ ಮುಖ ಕಾಣುತ್ತದೆಯೆ, ಸಹಪಾಠಿಗಳ ಬೆನ್ನು ಮಾತ್ರವೆ ಎಂದು ಕೇಳುವವರು ವಿರಳ. ಅದಕ್ಕೆ ಹೆಚ್ಚಿನ ಹಣವೇನೂ ಬೇಡ. ಬಾಂಕುಗಳನ್ನು ಅರ್ಧಚಂದ್ರಾಕಾರವಾಗಿ ಇಡಬಹುದು. ಕಿಟಕಿಯ ಬೆಳಕು ಕಲಿಸುವವರ ಬೆನ್ನಿಗಲ್ಲದೆ ಮುಖಕ್ಕೆ ಬೀಳುವಂತೆ ಹಲಗೆಯ ಸ್ಥಾನವನ್ನು ಬದಲಿಸಬಹುದು. ಮಣ್ಣಿನ ಮಾಳಿಗೆಯ ಮನೆಗಳಲ್ಲಿಯೂ ಬೆಳಕಿಂಡಿಯನ್ನು ಮರೆಯದೆ ತೆರೆದವರು ನಮ್ಮ ಹಿರಿಯರು. ಆ ಬೆಳಕು ಯಾರ ಮುಖದ ಮೇಲೆ ಬೀಳಬೇಕೆಂಬ ವಿವೇಕವೊಂದನ್ನು ಹ್ಯಾನ್ಸನ್ನನಿಂದ ನಾವು ಕಲಿಯಬೇಕಾಗಿದೆ.