ಮುಡಿಪು ಗುಡ್ಡೆಯ ಸಂತ ಜೋಸೆಫ್ ವಾಜ್ ಅವರ ಪಾವನ ಚರಿತ್ರೆ



ಈ ಗುಡ್ಡೆ ಹತ್ತಿ ಬಂದಿದ್ದೀರಿ. ಮಂಗಳೂರು, ಬಂಟ್ವಾಳ, ಮಂಜೇಶ್ವರ, ಕಾಸರಗೋಡಿನಿಂದ ಬಂದವರಿದ್ದೀರಿ. ಬೆಂಗಳೂರಿನ ಕೆಂಗೇರಿ, ಜ್ಞಾನಭಾರತಿ ಕಡೆಯಿಂದ ರಾತ್ರಿ ಬಸ್ಸು ಹಿಡಿದು ಬಂದವರೂ ಇದ್ದೀರಿ. ಮೇಣದಬತ್ತಿ ಹಚ್ಚಿ, ಹರಕೆ ಒಪ್ಪಿಸಿ ಆದ ಮೇಲೆ ಒಂದಿಷ್ಟು ಹೊತ್ತು ನೆರಳಲ್ಲಿ ಕೂತುಕೊಳ್ಳಿ. ಮುನ್ನೂರ ನಲವತ್ತು ವರ್ಷಗಳಿಗೂ ಹಿಂದೆ ಈ ಸೀಮೆಯಲ್ಲಿ ಬರಿಗಾಲಲ್ಲಿ ನಡೆದಾಡಿದ ಒಬ್ಬ ಗುರುವಿನ ಜೀವನವನ್ನು ಓದಿ. ಹರಕೆ ಹೇಳಿಕೊಂಡವರಿಗೆ ಅವರ ಸಹಾಯ ಬೇಕು, ಸರಿ. ಆದರೆ ಅವರ ದಾರಿಯೂ ನಮಗೆ ಬೇಕಲ್ಲವೇ?

ಬಾಲ್ಯ ಮತ್ತು ಗುರುದೀಕ್ಷೆ

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆಣಾವ್ಲಿ ಎಂಬ ಊರಿನಲ್ಲಿ. ಅದು ತಾಯಿಯ ತವರು. ತಂದೆ ಕ್ರಿಸ್ತೊವಾಂವ್ ವಾಜ್, ಸಾಂಕ್ವಾಳ ಊರಿನವರು. ತಾಯಿ ಮರಿಯ ದ ಮಿರಾಂದಾ. ಇಬ್ಬರೂ ದೈವಭಕ್ತರು. ಮನೆಮಾತು ಕೊಂಕಣಿ. ಸಾಂಕ್ವಾಳದಲ್ಲಿ ಪೋರ್ಚುಗೀಸ್, ಬೆಣಾವ್ಲಿಯಲ್ಲಿ ಲತೀನ್ ಕಲಿತ ಬಾಲಕ, ಮುಂದೆ ಗೋವಾ ಪಟ್ಟಣದ ಸಂತ ಪೌಲರ ಕಾಲೇಜಿನಲ್ಲಿ ಓದಿ, ತತ್ವಶಾಸ್ತ್ರ ಮತ್ತು ದೈವಶಾಸ್ತ್ರ ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು.

ದೀಕ್ಷೆಯಾದ ಮೇಲೆ ಅವರು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಕಾಲಿನ ಜೋಡು ಬಿಟ್ಟರು. ಬಡವರು ನಡೆಯುವ ಹಾಗೆ ತಾವೂ ಬರಿಗಾಲಲ್ಲಿ ನಡೆಯತೊಡಗಿದರು. ಗೌರವದ ಮನೆತನದ ಮಗ, ಓದಿದ ಗುರು, ಹೀಗೆ ನಡೆಯುವುದನ್ನು ಕಂಡು ಊರಿನವರು ಬೆರಗಾದರು. 1677ರ ಆಗಸ್ಟ್ 5ರಂದು ಅವರು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದುಕೊಟ್ಟು ಆ ಪತ್ರಕ್ಕೆ ಸಹಿ ಹಾಕಿದರು. ಅಂದಿನಿಂದ ಸಾಯುವ ತನಕ ಜಪಸರ ಅವರ ಕೊರಳನ್ನು ಬಿಡಲಿಲ್ಲ.

ಕೆನರಾ ಸೀಮೆಯಲ್ಲಿ

ಅವರ ಮನಸ್ಸು ಲಂಕೆಯ ಕಡೆ ಇತ್ತು. 1658ರಲ್ಲಿ ಡಚ್ಚರು ಲಂಕೆಯ ಕರಾವಳಿಯಿಂದ ಪೋರ್ಚುಗೀಸರನ್ನು ಪೂರ್ತಿ ಹೊರಗೆ ಹಾಕಿದ್ದರು. ಕಥೋಲಿಕ ಗುರುಗಳನ್ನು ಓಡಿಸಿದ್ದರು. ಅಲ್ಲಿಯ ಕ್ರೈಸ್ತರು ಬಲಿಪೂಜೆ ಇಲ್ಲದೆ, ಪಾಪನಿವೇದನೆ ಇಲ್ಲದೆ, ಸಾಯುವಾಗ ತಲೆಯ ಹತ್ತಿರ ಒಬ್ಬ ಗುರುವೂ ಇಲ್ಲದೆ ದಿನ ಕಳೆಯುತ್ತಿದ್ದರು. ಆದರೆ ಹಿರಿಯರು 1681ರಲ್ಲಿ ಅವರನ್ನು ಕಳಿಸಿದ್ದು ಲಂಕೆಗಲ್ಲ, ನಮ್ಮ ಕೆನರಾ ಸೀಮೆಗೆ. ತಾನು ಬಯಸಿದ ಕೆಲಸ ಸಿಗಲಿಲ್ಲ ಅಂತ ಅವರು ಮುಖ ಸಿಂಡರಿಸಲಿಲ್ಲ. ಹೇಳಿದ ಕಡೆಗೆ ಹೊರಟರು.

ಆಗ ಈ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಇಲ್ಲಿಯ ಕ್ರೈಸ್ತರ ಕಷ್ಟ ಹೊರಗಿನಿಂದ ಬಂದದ್ದಕ್ಕಿಂತ ಒಳಗಿನಿಂದ ಬಂದದ್ದೇ ಹೆಚ್ಚು. ಒಂದು ಕಡೆ ಗೋವಾದ ಆಡಳಿತ. ಇನ್ನೊಂದು ಕಡೆ ರೋಮ್ ನಗರದಿಂದಲೇ ನೇಮಕವಾಗಿ ಬಂದ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ. ಯಾರ ಮಾತು ನಡೆಯಬೇಕು ಅಂತ ಜಗಳ. ಗುರುಗಳು ಎರಡು ಪಾಲಾದರು, ಅವರ ಹಿಂದೆ ಜನರೂ ಎರಡು ಪಾಲಾದರು. ತಾವು ಪಡೆದ ಸಂಸ್ಕಾರ ಸರಿಯೋ ತಪ್ಪೋ ಅಂತ ಬಡ ರೈತರು ಕಂಗಾಲಾದರು.

ವಾಜ್ ಸ್ವಾಮಿಗಳು ಬಂದದ್ದು ಗೋವಾದವರ ಪ್ರತಿನಿಧಿಯಾಗಿ. ಬೇಕಿದ್ದರೆ ಇನ್ನೊಂದು ಪಕ್ಷದವರ ಮೇಲೆ ಹರಿಹಾಯಬಹುದಿತ್ತು. ಆದರೆ ಅವರು ಧರ್ಮಾಧ್ಯಕ್ಷರನ್ನು ಕಂಡು ವಿನಯದಿಂದ ಮಾತಾಡಿದರು. ಬೀದಿಯಲ್ಲಿ ಜಗಳ ಆಡಬಾರದು, ಜನರ ಮನಸ್ಸು ಕೆಡಿಸಬಾರದು ಎಂಬುದು ಅವರ ನಿಲುವು. ದೊಡ್ಡವರ ವ್ಯಾಜ್ಯ ಮೇಲಿನವರು ತೀರ್ಮಾನಿಸಲಿ, ಅಷ್ಟರವರೆಗೆ ರೋಗಿಗೆ ಗುರು ಬೇಕು, ಮಗುವಿಗೆ ಜ್ಞಾನಸ್ನಾನ ಬೇಕು ಎಂದುಕೊಂಡು ಕೆಲಸಕ್ಕೆ ಇಳಿದರು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ, ಕುಂದಾಪುರ, ಹೊನ್ನಾವರ, ಹೀಗೆ ಹೊಳೆ ದಾಟಿ, ಗುಡ್ಡೆ ಹತ್ತಿ ಊರೂರು ತಿರುಗಿದರು. ಬಿದ್ದ ದೇವಾಲಯಗಳು ಎದ್ದವು. ಮಕ್ಕಳಿಗೆ ಶಾಲೆ ಶುರುವಾಯಿತು. ಗುರು ಇಲ್ಲದ ದಿನವೂ ಪ್ರಾರ್ಥನೆ ನಿಲ್ಲಬಾರದೆಂದು ಊರವರನ್ನೇ ಸೇರಿಸಿ ಭಕ್ತಿಸಂಘಗಳನ್ನು ಕಟ್ಟಿದರು.

ಮುಡಿಪು ಗುಡ್ಡೆಯ ರಾತ್ರಿ

ಈ ಗುಡ್ಡೆಯ ಕಥೆಯನ್ನು ಇಲ್ಲಿಯ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ. ಸ್ವಾಮಿಗಳನ್ನು ಕಂಡರಾಗದ ಕೆಲವರು ಅವರನ್ನು ಮುಗಿಸಲು ಹೊಂಚು ಹಾಕಿದರಂತೆ. ಗುಡ್ಡೆಯ ಮೇಲೆ ಒಬ್ಬ ರೋಗಿ ಸಾಯುವ ಸ್ಥಿತಿಯಲ್ಲಿದ್ದಾನೆ, ಸಂಸ್ಕಾರ ಕೊಡಬೇಕು ಅಂತ ರಾತ್ರಿ ಹೊತ್ತಿನಲ್ಲಿ ಕರೆ ಕಳಿಸಿದರಂತೆ. ಸ್ವಾಮಿಗಳು ಹಿಂದೆಮುಂದೆ ನೋಡದೆ ಹೊರಟರು. ಮೇಲೆ ಬಂದಾಗ ರೋಗಿ ಇಲ್ಲ, ಇದ್ದವರು ಕೊಲ್ಲಲು ನಿಂತವರು. ಸ್ವಾಮಿಗಳು ಓಡಲಿಲ್ಲ. ಬಂಡೆಯ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದರು. ಅವರ ಸುತ್ತ ಬೆಳಕು ಕಂಡಿತು, ಕಲ್ಲಿನಲ್ಲಿ ಮೊಣಕಾಲಿನ ಗುರುತು ಮೂಡಿತು, ಒಣನೆಲದಲ್ಲಿ ನೀರು ಒಸರಿತು, ಬಂದವರು ಹೆದರಿ ಓಡಿದರು ಎಂಬುದು ಭಕ್ತರ ನಂಬಿಕೆ.

ಪವಾಡವನ್ನು ನೆನೆದು ನಾವು ಕೈ ಮುಗಿಯುತ್ತೇವೆ. ಆದರೆ ಕಥೆಯ ಮೊದಲ ಭಾಗವನ್ನೂ ಮರೆಯಬಾರದು. ಕರೆದದ್ದು ಯಾರು, ಯಾಕೆ ಅಂತ ವಿಚಾರಿಸದೆ ರಾತ್ರಿಯಲ್ಲಿ ಎದ್ದು ಹೊರಟದ್ದು ಅವರ ದಿನನಿತ್ಯದ ಅಭ್ಯಾಸ. ರೋಗಿ ಇದ್ದಾನೆ ಅಂದರೆ ಸಾಕು, ಕಾಲು ತಾನಾಗಿ ಏಳುತ್ತಿತ್ತು.

ಭಿಕ್ಷುಕನ ವೇಷದಲ್ಲಿ ಲಂಕೆಗೆ

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಅಲ್ಲಿ ಪವಾಡ ಶಿಲುಬೆಯ ದೇವಾಲಯದಲ್ಲಿ ಒಟ್ಟಿಗೆ ಬಾಳುತ್ತಿದ್ದ ಕೆಲವು ಸ್ಥಳೀಯ ಗುರುಗಳನ್ನು 1685ರಲ್ಲಿ ಸೇರಿಕೊಂಡು, ಅವರ ಹಿರಿಯರಾಗಿ, ಸಂತ ಫಿಲಿಪ್ ನೇರಿಯ ಒರೆಟರಿಯ ನಿಯಮದಂತೆ ಆ ಸಂಘವನ್ನು ನೆಲೆಗೊಳಿಸಿದರು. ಆದರೂ ಲಂಕೆ ಮನಸ್ಸಿನಿಂದ ಹೋಗಲಿಲ್ಲ. 1686ರಲ್ಲಿ ಹಿರಿಯನ ಪಟ್ಟ ಬಿಟ್ಟು ಹೊರಟೇಬಿಟ್ಟರು. ಜೊತೆಗೆ ಇದ್ದವನು ಜಾನ್ ಎಂಬ ನಂಬಿಕೆಯ ಆಳು. ಕೆನರಾ, ಮಲಬಾರು ದಾಟಿ, ತೂತುಕುಡಿಯಿಂದ ದೋಣಿ ಹತ್ತಿ 1687ರಲ್ಲಿ ಜಾಫ್ನಾ ತಲುಪಿದರು. ಗುರುವಿನ ಉಡುಪು ಇರಲಿಲ್ಲ. ಮೈಮೇಲೆ ಭಿಕ್ಷುಕನ ಹರಕು ಬಟ್ಟೆ.

ತಲುಪುತ್ತಲೇ ಭೇದಿ ಹಿಡಿದು ಸಾಯುವ ಹಾಗಾದರು. ದಾರಿಯಲ್ಲಿ ಬಿದ್ದವರಿಗೆ ಒಬ್ಬ ಹೆಂಗಸು ಗಂಜಿ ಕೊಟ್ಟಳು. ಆ ಗಂಜಿಯಿಂದ ಜೀವ ಉಳಿಯಿತು.

ಆದರೆ ಕಥೋಲಿಕರನ್ನು ಹುಡುಕುವುದು ಹೇಗೆ? ಕೇಳಿದರೆ ಡಚ್ಚರಿಗೆ ಸುದ್ದಿ ಮುಟ್ಟುತ್ತದೆ. ಅದಕ್ಕೆ ಸ್ವಾಮಿಗಳು ಒಂದು ಉಪಾಯ ಮಾಡಿದರು. ಕೊರಳಲ್ಲಿ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಹೆಚ್ಚಿನವರು ಅಕ್ಕಿ ಹಾಕಿ ಒಳಗೆ ಹೋದರು. ಕೆಲವರ ಕಣ್ಣು ಮಾತ್ರ ಆ ಜಪಸರದ ಮೇಲೆ ನಿಂತಿತು. ಮೆಲ್ಲಗೆ ಗುರುತು ಹತ್ತಿತು. ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ರಾತ್ರಿ ಬಾಗಿಲು ಹಾಕಿಕೊಂಡು ಬಲಿಪೂಜೆ ನಡೆಯಿತು. ಆಮೇಲೆ ಸಿಲ್ಲಾಲೈ ಎಂಬ ಹಳ್ಳಿಯಲ್ಲಿ ನೆಲೆಸಿ, ರಾತ್ರಿ ಹೊತ್ತಿನಲ್ಲೇ ಹಳ್ಳಿಹಳ್ಳಿಗೆ ಹೋಗಿ ಬರುತ್ತಿದ್ದರು.

ಡಚ್ಚರಿಗೆ ವಾಸನೆ ಹತ್ತಿತು. ಸೈನಿಕರು ಹುಡುಕಿದರು. ಸ್ವಾಮಿಗಳು ಸಿಗಲಿಲ್ಲ, ಆದರೆ ಭಕ್ತರು ಸಿಕ್ಕಿಬಿದ್ದರು. ಏಟು ತಿಂದರು, ಸೆರೆಮನೆ ಸೇರಿದರು, ಕೆಲವರು ಪ್ರಾಣವನ್ನೇ ತೆತ್ತರು. ಗುರು ಎಲ್ಲಿದ್ದಾರೆಂದು ಹೇಳಿಕೊಡಲಿಲ್ಲ. ಈ ಚರಿತ್ರೆಯಲ್ಲಿ ಹೆಸರಿಲ್ಲದ ಇಂಥ ಸಂತರೂ ಬಹಳ ಮಂದಿ ಇದ್ದಾರೆ.

ಸೆರೆಮನೆಯೇ ದೇವಾಲಯವಾಯಿತು

1690ರಲ್ಲಿ ಸ್ವಾಮಿಗಳು ಕ್ಯಾಂಡಿ ರಾಜ್ಯಕ್ಕೆ ಸೇರಿದ ಪುತ್ತಳಂಗೆ ಬಂದರು. 1692ರಲ್ಲಿ ರಾಜಧಾನಿ ಕ್ಯಾಂಡಿಗೆ ಹೊರಟರು. ಇವನು ಪೋರ್ಚುಗೀಸರ ಗೂಢಚಾರ ಅಂತ ಯಾರೋ ರಾಜನ ಕಿವಿ ಊದಿದರು. ರಾಜ ಎರಡನೇ ವಿಮಲಧರ್ಮಸೂರ್ಯ ಬೌದ್ಧ. ಸ್ವಾಮಿಗಳನ್ನೂ ಜಾನ್‌ನನ್ನೂ ಹಿಡಿದು ಸೆರೆಯಲ್ಲಿಟ್ಟ.

ಸೆರೆಯಲ್ಲಿ ಅವರು ಸುಮ್ಮನೆ ಕೂರಲಿಲ್ಲ, ಸಿಂಹಳ ಭಾಷೆ ಕಲಿತರು. ಕಾವಲು ಸಡಿಲವಾದಾಗ ಒಂದು ಗುಡಿಸಲು ಕಟ್ಟಿ ಅದನ್ನೇ ದೇವಾಲಯ ಮಾಡಿಕೊಂಡರು. ಇವರಿಂದ ಕೇಡಿಲ್ಲ ಎಂಬುದು ಬರಬರುತ್ತಾ ರಾಜನಿಗೂ ತಿಳಿಯಿತು.

1696ರ ಸುಮಾರಿಗೆ ಬರ ಬಂತು. ಮಳೆಗಾಗಿ ಪ್ರಾರ್ಥಿಸುವಂತೆ ರಾಜನೇ ಕೇಳಿಕೊಂಡ. ಸ್ವಾಮಿಗಳು ಬಯಲಲ್ಲಿ ಶಿಲುಬೆ ಇಟ್ಟು ಮೊಣಕಾಲೂರಿದರು, ಮಳೆ ಸುರಿಯಿತು ಎಂದು ಅವರ ಚರಿತ್ರೆ ಹೇಳುತ್ತದೆ. ರಾಜ ಅವರಿಗೆ ರಾಜ್ಯದಲ್ಲೆಲ್ಲ ಓಡಾಡುವ ಅನುಮತಿ ಕೊಟ್ಟ.

ಸಿಡುಬಿನ ವರ್ಷ

1697ರಲ್ಲಿ ಕ್ಯಾಂಡಿಗೆ ಸಿಡುಬು ನುಗ್ಗಿತು. ರಾಜ, ಮಂತ್ರಿ, ಸಿರಿವಂತರು ಊರು ಬಿಟ್ಟರು. ಮಕ್ಕಳು ತಂದೆತಾಯಿಯರನ್ನು ಕಾಡಿನಲ್ಲಿ ಬಿಟ್ಟು ಓಡಿದರು. ಉಳಿದವರು ರೋಗಿಗಳು, ಹೆಣಗಳು, ಮತ್ತು ವಾಜ್ ಸ್ವಾಮಿಗಳು. ಆ ಹೊತ್ತಿಗೆ ಗೋವಾದಿಂದ ಬಂದಿದ್ದ ಅವರ ಸೋದರಳಿಯ ಜೋಸೆಫ್ ಕಾರ್ವಾಲ್ಹೊ ಗುರುಗಳು ಜೊತೆಯಾದರು. ಇಬ್ಬರೂ ಬಿಟ್ಟ ಮನೆಗಳಲ್ಲಿ, ಗುಡಿಸಲುಗಳಲ್ಲಿ ರೋಗಿಗಳನ್ನು ಮಲಗಿಸಿ, ಹುಣ್ಣು ತೊಳೆದು, ಗಂಜಿ ಕುಡಿಸಿ, ಸತ್ತವರಿಗೆ ಗುಂಡಿ ತೋಡಿ ಮಣ್ಣು ಮಾಡಿದರು. ರೋಗಿ ಕ್ರೈಸ್ತನೋ ಬೌದ್ಧನೋ ಎಂದು ನೋಡಲಿಲ್ಲ. ಗುಣವಾದ ಮೇಲೆ ಮತ ಬದಲಿಸು ಅಂತ ಷರತ್ತು ಹಾಕಲಿಲ್ಲ. ಹಿಂತಿರುಗಿ ಬಂದ ರಾಜ ಅವರ ಉಪಕಾರವನ್ನು ನೆನೆದ. ಹತ್ತು ವರ್ಷ ಉಪದೇಶ ಮಾಡಿದರೂ ತೆರೆಯದ ಮನೆಗಳು ಈ ಸೇವೆಗೆ ತೆರೆದವು.

ಕೊನೆಯ ದಿನಗಳು

ಮುಂದೆ ಗೋವಾದಿಂದ ಇನ್ನೂ ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಗುರುಗಳು ಸಿಂಹಳ, ತಮಿಳಿನಲ್ಲಿ ಅನೇಕ ಭಕ್ತಿಗ್ರಂಥಗಳನ್ನು ಬರೆದರು. ಗುರು ಬಾರದ ಹಳ್ಳಿಗಳಲ್ಲಿ ಅಣ್ಣಾವಿ, ಮುಪ್ಪು ಎಂಬ ಊರಿನ ಹಿರಿಯರೇ ಪ್ರಾರ್ಥನೆ ನಡೆಸುವ ಏರ್ಪಾಡಾಯಿತು. ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗ ಸ್ವಾಮಿಗಳು ಬೇಡವೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಪ್ರಾಣ ಬಿಟ್ಟರು. ಆಗ ಅವರ ವಯಸ್ಸು 59. ಜೀವಮಾನದಲ್ಲಿ ಅಲಕ್ಷ್ಯ ಮಾಡಿದ್ದನ್ನು ಸಾಯುವ ಗಳಿಗೆಯಲ್ಲಿ ಮಾಡಲಾಗದು ಎಂಬುದೇ ಅವರು ಕೊನೆಗೆ ಬಿಟ್ಟುಹೋದ ಬುದ್ಧಿಮಾತು. ಅವರ ಅಸ್ಥಿ ಇವತ್ತಿಗೂ ಸಿಕ್ಕಿಲ್ಲ. ಬದುಕಿದ್ದಾಗ ತಮಗೆಂದು ಏನೂ ಇಟ್ಟುಕೊಳ್ಳದವರು ಸತ್ತ ಮೇಲೂ ಇಟ್ಟುಕೊಳ್ಳಲಿಲ್ಲ.

1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ಕೊಲಂಬೊದಲ್ಲಿ, ಸಮುದ್ರ ತೀರದ ಗಾಲ್ ಫೇಸ್ ಮೈದಾನದಲ್ಲಿ, ಪೋಪ್ ಫ್ರಾನ್ಸಿಸರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಜನವರಿ 16 ಅವರ ಹಬ್ಬದ ದಿನ.

ಗುಡ್ಡೆ ಇಳಿಯುವ ಮುಂಚೆ

ಯಾತ್ರೆ ಮುಗಿಸಿ ಹೋಗುವಾಗ ಮೇಣದಬತ್ತಿ ಇಲ್ಲೇ ಉರಿಯುತ್ತದೆ. ಮನೆಗೆ ಕೊಂಡುಹೋಗಬೇಕಾದದ್ದು ಈ ಪಾಠಗಳನ್ನು.

ಒಂದು: ನಮ್ಮೊಳಗಿನ ಜಗಳ ನಿಲ್ಲದೆ ಸುವಾರ್ತೆ ಹೊರಗೆ ಹೋಗದು. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೆ, ಧರ್ಮಕೇಂದ್ರದಲ್ಲಿ ಎರಡು ಗುಂಪಾಗಿದ್ದರೆ, ಮೊದಲು ಅದನ್ನು ಸರಿಮಾಡಿಕೊಳ್ಳಿ.

ಎರಡು: ವಿಶ್ವಾಸವನ್ನು ಯಾರ ಮೇಲೂ ಹೇರಬಾರದು, ಹಾಗಂತ ಬಚ್ಚಿಡಲೂಬಾರದು. ಸ್ವಾಮಿಗಳು ಕೊರಳಿನ ಜಪಸರ ತೋರಿಸಿದರು, ಅಷ್ಟೇ. ಗುರುತಿಸುವವರು ಗುರುತಿಸಿದರು. ಬಾಡಿಗೆ ಮನೆಯ ಓಣಿಯಲ್ಲಾಗಲಿ, ಆಫೀಸಿನಲ್ಲಾಗಲಿ ನಮ್ಮ ನಡತೆಯೇ ಆ ಜಪಸರವಾಗಲಿ.

ಮೂರು: ಜನರ ಭಾಷೆ ಕಲಿಯಿರಿ. ನೆರೆಯವರ ಸುಖದುಃಖ ಅವರ ಮಾತಿನಲ್ಲೇ ಕೇಳಿ. ಕೇಳದವನು ಹೇಳಲಾರ.

ನಾಲ್ಕು: ರೋಗಿಯ ಹತ್ತಿರ ಹೋಗಿ. ಎಲ್ಲರೂ ಓಡಿದಾಗ ಉಳಿಯುವವನ ದೇವರ ಬಗ್ಗೆ ಜನ ತಾವಾಗಿಯೇ ವಿಚಾರಿಸುತ್ತಾರೆ.

ಪ್ರಾರ್ಥನೆ

ಸರ್ವೇಶ್ವರಾ, ನಿಮ್ಮ ದಾಸ ಸಂತ ಜೋಸೆಫ್ ವಾಜ್ ಅವರು ಬರಿಗಾಲಲ್ಲಿ ನಡೆದ ದಾರಿಯಲ್ಲಿ ನಮ್ಮನ್ನೂ ನಡೆಸಿರಿ. ಹೆದರಿದಾಗ ಮೊಣಕಾಲೂರುವ ಭಕ್ತಿಯನ್ನೂ, ರೋಗಿ ಕರೆದಾಗ ಎದ್ದು ಹೊರಡುವ ಪ್ರೀತಿಯನ್ನೂ ನಮಗೆ ಕೊಡಿರಿ. ಈ ಗುಡ್ಡೆಗೆ ಬಂದ ಎಲ್ಲರನ್ನೂ, ಅವರು ಯಾವ ಮತದವರೇ ಆಗಿರಲಿ, ಕ್ಷೇಮವಾಗಿ ಮನೆ ಮುಟ್ಟಿಸಿರಿ. ನಮ್ಮ ಪ್ರಭು ಯೇಸುಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.